ತೀವ್ರ ನಿಗಾ ಘಟಕ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಅಪರಾತ್ರಿಯಲ್ಲಿ ಊರಿನ ಮನೆಯೊಂದರಿಂದ ಕರೆ ಬರುತ್ತದೆ: "ಅಪ್ಪನನ್ನು ಐಸಿಯುಗೆ ಸೇರಿಸಬೇಕಂತೆ ಅಣ್ಣ, ಎಲ್ಲಿಗೆ ಕರೆದುಕೊಂಡು ಹೋಗೋಣ?" ಸದಸ್ಯರು ವೈದ್ಯರಲ್ಲ, ಆದರೂ ಜನರು ಮೊದಲು ಕೇಳುವುದು ತಮ್ಮನ್ನೇ. ಆದಕಾರಣ, ಐಸಿಯು ಎಂದು ಎಲ್ಲರೂ ಕರೆಯುವ ತೀವ್ರ ನಿಗಾ ಘಟಕವು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

ಕೊಳವೆ ಬಾವಿಯ ಮೋಟಾರು ಸುಟ್ಟಾಗ ನಾವು ಟ್ಯಾಂಕರ್ ಮೂಲಕ ನೀರು ಪೂರೈಸುತ್ತೇವೆ. ಟ್ಯಾಂಕರ್ ಮೋಟಾರನ್ನು ದುರಸ್ತಿ ಮಾಡುವುದಿಲ್ಲ. ದುರಸ್ತಿಯಾಗುವವರೆಗೆ ಊರನ್ನು ಬಾಯಾರದಂತೆ ಕಾಯುತ್ತದೆ. ತೀವ್ರ ನಿಗಾ ಘಟಕದ ಕೆಲಸವೂ ಬಹುಮಟ್ಟಿಗೆ ಇದೇ. ಶ್ವಾಸಕೋಶ ಸೋತರೆ ವೆಂಟಿಲೇಟರ್, ಮೂತ್ರಪಿಂಡ ಸೋತರೆ ಡಯಾಲಿಸಿಸ್, ರಕ್ತದೊತ್ತಡ ಕುಸಿದರೆ ಹನಿಹನಿಯಾಗಿ ಹರಿಯುವ ಔಷಧ. ಇವು ದೇಹಕ್ಕೆ ಕಾಲಾವಕಾಶವನ್ನು ಒದಗಿಸುತ್ತವೆ. ಆ ಅವಕಾಶದಲ್ಲಿ ಮೂಲ ಕಾಯಿಲೆಯು ಚಿಕಿತ್ಸೆಗೆ ಮಣಿಯಬೇಕು.

ಇಂಜಿನಿಯರಿಂಗ್ ಓದಿದ ನನಗೆ ಮೊದಲು ಯಂತ್ರವೇ ಮುಖ್ಯವೆಂದು ತೋರಿತ್ತು. ಈ ಸೇವೆಯ ಇತಿಹಾಸ ಬೇರೆಯೇ ಹೇಳುತ್ತದೆ. 1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳು ನಿಷ್ಕ್ರಿಯಗೊಂಡ ರೋಗಿಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು ಗಂಟಲಿನಲ್ಲಿ ರಂಧ್ರ ಮಾಡಿ, ನಳಿಕೆ ಇಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಉಸಿರು ನೀಡುವ ವಿಧಾನವನ್ನು 12 ವರ್ಷದ ಬಾಲಕಿಯೊಬ್ಬಳ ಮೇಲೆ ಪ್ರಯೋಗಿಸಿ ಅವಳನ್ನು ಉಳಿಸಿದರು. ಬಳಿಕ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಆ ಚೀಲಗಳನ್ನು ಒತ್ತಿದರು; ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ ಅದೇ ನಗರದಲ್ಲಿ ಇಂತಹ ರೋಗಿಗಳಿಗಾಗಿ ಪ್ರತ್ಯೇಕ ಘಟಕ ಆರಂಭವಾಯಿತು. ಅಂದು ವೆಂಟಿಲೇಟರ್ ಆಗಿ ದುಡಿದದ್ದು ಮನುಷ್ಯನ ಕೈ. ಇಂದಿಗೂ ಆಸ್ಪತ್ರೆಯಲ್ಲಿ ಯಂತ್ರವಿದ್ದು ರಾತ್ರಿಪಾಳಿಗೆ ತರಬೇತಿ ಪಡೆದ ಶುಶ್ರೂಷಕರಿಲ್ಲದಿದ್ದರೆ ಅದನ್ನು ತೀವ್ರ ನಿಗಾ ಘಟಕವೆನ್ನಲಾಗದು.

ನಮ್ಮ ಗ್ರಾಮಗಳಿಗೆ ಅತ್ಯಂತ ಸಮೀಪದ ಉದಾಹರಣೆ ಹಾವು ಕಡಿತ. ಕಟ್ಟುಹಾವು ಬಹುತೇಕ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಬಹಳ ಕಡಿಮೆ. ಗಾಯ ಕಾಣಿಸದೆಯೂ ಇರಬಹುದು. ಬೆಳಗಾಗುವ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲಾಗದಿರುವುದು, ಕೊನೆಗೆ ಉಸಿರು ನಿಲ್ಲುವುದು. ಪ್ರತಿವಿಷ ನೀಡಿದ ಮಾತ್ರಕ್ಕೆ ನಿಷ್ಕ್ರಿಯಗೊಂಡ ಸ್ನಾಯು ಕೂಡಲೇ ಚೇತರಿಸಿಕೊಳ್ಳುವುದಿಲ್ಲ. ಕೆಲವು ದಿನ ವೆಂಟಿಲೇಟರ್ ಬೇಕಾಗಬಹುದು. ಕಣ್ಣು ತೆರೆಯದೆ, ಬೆರಳು ಅಲುಗಿಸದೆ ಮಲಗಿರುವ ಇಂತಹ ರೋಗಿಯನ್ನು ಕಂಡು ಮನೆಯವರು ಆಸೆ ಬಿಡುವುದುಂಟು. ಆದರೆ ಒಳಗೆ ಅವನಿಗೆ ಪ್ರಜ್ಞೆ ಇರಬಹುದು, ಎಲ್ಲವೂ ಕೇಳಿಸುತ್ತಿರಬಹುದು. ಸಕಾಲದಲ್ಲಿ ಉಸಿರಾಟಕ್ಕೆ ಆಸರೆ ದೊರೆತರೆ ಪೂರ್ಣ ಗುಣಮುಖನಾಗಿ ಹೊಲಕ್ಕೆ ಮರಳುವ ರೋಗಿಯೂ ಇವನೇ. ಕೀಟನಾಶಕ ಸೇವನೆಯ ಅನೇಕ ಪ್ರಕರಣಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಔಷಧದ ಡಬ್ಬಿಯನ್ನು ರೋಗಿಯೊಂದಿಗೆ ತಪ್ಪದೆ ಒಯ್ಯತಕ್ಕದ್ದು. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ನಾನು ಸೇವೆ ಸಲ್ಲಿಸುವ ಪಂಚಾಯಿತಿಯಲ್ಲಿ ಹಾವು ಕಚ್ಚಿದ ಯುವಕನೊಬ್ಬನನ್ನು ಬಾಡಿಗೆ ಕಾರಿನಲ್ಲಿ ಮೂರು ಆಸ್ಪತ್ರೆಗಳಿಗೆ ಅಲೆದಾಡಿಸಲಾಯಿತು. ಮೊದಲನೆಯದರಲ್ಲಿ ವೆಂಟಿಲೇಟರ್ ಇರಲಿಲ್ಲ. ಎರಡನೆಯದರಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಮೂರನೆಯದನ್ನು ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಯಾರದೂ ಅಲಕ್ಷ್ಯವಲ್ಲ, ಹೊರಡುವ ಮುನ್ನ ವಿಚಾರಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ, ನನಗೂ ಕೂಡ. 108ಕ್ಕೆ ಕರೆ ಮಾಡುವಾಗ "ಉಸಿರಾಟಕ್ಕೆ ಕಷ್ಟವಾಗುತ್ತಿದೆ" ಎಂದು ಸ್ಪಷ್ಟವಾಗಿ ತಿಳಿಸಿದರೆ ಉಸಿರಾಟಕ್ಕೆ ನೆರವಾಗುವ ಸಲಕರಣೆಯುಳ್ಳ ಆಂಬುಲೆನ್ಸ್ ಕೇಳಲು ಸಾಧ್ಯ. ದಾರಿಯಲ್ಲಿಯೂ ಉಸಿರು ನೀಡಬಹುದು. ಕೋವಿಡ್ ತರುವಾಯ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಯು ಹಾಸಿಗೆಗಳು ಬಂದಿವೆ. ಅವುಗಳಲ್ಲಿ ಎಷ್ಟು ರಾತ್ರಿಯೂ ನಡೆಯುತ್ತವೆ, ಅರಿವಳಿಕೆ ತಜ್ಞರು ಇದ್ದಾರೆಯೇ, ಪ್ರತಿವಿಷದ ದಾಸ್ತಾನು ಎಲ್ಲಿದೆ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯು ಮುಂಚಿತವಾಗಿ ವಿಚಾರಿಸಿ, ದೂರವಾಣಿ ಸಂಖ್ಯೆಗಳ ಸಹಿತ ಕಚೇರಿಯ ಫಲಕದಲ್ಲಿ ಬರೆಸುವುದು ಸೂಕ್ತ. ಮಳೆಗಾಲಕ್ಕೆ ಮೊದಲು ಆದರೆ ಇನ್ನೂ ಒಳಿತು.

ವೆಚ್ಚದ ವಿಷಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ನಿಗದಿತ ತುರ್ತು ಚಿಕಿತ್ಸೆಗಳಿಗೆ ಅದಿಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ದಾಖಲಾಗಬಹುದು. ಪಡಿತರ ಚೀಟಿ ಮತ್ತು ಆಧಾರ್ ಒಂದೇ ಕಡೆ ಇರಿಸಿಕೊಳ್ಳುವಂತೆ ಜನರಿಗೆ ತಿಳಿಹೇಳಿರಿ.

ಇನ್ನು, ಸದಸ್ಯರಲ್ಲಿ ಹೆಚ್ಚಿನವರಿಗೆ ಹೊಸದೆನಿಸಬಹುದಾದ ವಿಷಯ. ಮೋಟಾರು ಸುಟ್ಟಿದ್ದರೆ ಟ್ಯಾಂಕರ್ ಸಾರ್ಥಕ, ಅಂತರ್ಜಲವೇ ಬತ್ತಿದ್ದರೆ? ಕೊನೆಯ ಹಂತದ ಕ್ಯಾನ್ಸರ್ ರೋಗಿಯ ಎದೆಗೆ ಯಂತ್ರ ಉಸಿರು ತುಂಬುತ್ತಿರುತ್ತದೆ. ಹೊರಗೆ ಮಕ್ಕಳು ಜಮೀನು ಅಡವಿಡುವ ಮಾತನಾಡುತ್ತಿರುತ್ತಾರೆ. "ನಿಲ್ಲಿಸಿ" ಎನ್ನಲು ಯಾರಿಗೂ ಬಾಯಿ ಬಾರದು. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ವಯಸ್ಕ ವ್ಯಕ್ತಿಯು ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಗುಣವಾಗುವ ಆಸೆ ಇಲ್ಲದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ತನ್ನ ಪರವಾಗಿ ನಿರ್ಧರಿಸಬೇಕಾದವರ ಹೆಸರನ್ನೂ ಬರೆಯಬೇಕು. ಪತ್ರವಿದ್ದ ಮಾತ್ರಕ್ಕೆ ಯಾರೂ ಯಂತ್ರ ತೆಗೆಯುವಂತಿಲ್ಲ. ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಂದರ ಬಳಿಕ ಒಂದು ಪರಿಶೀಲಿಸಿ ಒಪ್ಪಬೇಕು. ಹಾವು ಕಚ್ಚಿದ ಯುವಕನಿಗೂ ಈ ರೋಗಿಗೂ ಇರುವ ವ್ಯತ್ಯಾಸವನ್ನು ಹೇಳಬಲ್ಲವರು ವೈದ್ಯರೇ. ಬಾಗಿಲಲ್ಲಿ ನಿಂತ ನಾವಲ್ಲ.

ಆ ಪತ್ರದ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು ಎಂದು ನ್ಯಾಯಾಲಯ ಹೇಳಿದೆ. ನಗರಸಭೆ, ಪುರಸಭೆಗಳ ಜೊತೆಗೆ ಪಂಚಾಯಿತಿಯನ್ನೂ ಹೆಸರಿಸಿ, ಪತ್ರಗಳ ಪಾಲನೆಗೆ ಅಧಿಕಾರಿಯೊಬ್ಬರನ್ನು ನಾಮನಿರ್ದೇಶನ ಮಾಡಬೇಕೆಂದೂ ತಿಳಿಸಿದೆ. ಅಂದರೆ ನಾಳೆ ಹಿರಿಯರೊಬ್ಬರು ಇಂತಹ ಪತ್ರ ಹಿಡಿದು ನಮ್ಮ ಕಚೇರಿಗೆ ಬಂದರೆ, "ಇದು ಇಲ್ಲಿಗೆ ಸಂಬಂಧಿಸಿದ್ದಲ್ಲ" ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಪತ್ರಗಳನ್ನು ಯಾರು ಸ್ವೀಕರಿಸಬೇಕು, ಯಾವ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು, ಆಸ್ಪತ್ರೆಯಿಂದ ರಾತ್ರಿ ವಿಚಾರಣೆ ಬಂದರೆ ಕೀಲಿಕೈ ಯಾರ ಬಳಿ ಇರಬೇಕು ಎಂಬುದನ್ನು ಚರ್ಚಿಸಲು ಕೋರಲಾಗಿದೆ.