ನಮ್ಮ ಮನಿ, ನಮ್ಮ ಸಹಿ

ಶಾಂತವ್ವನ ಮನೆ ವಿಜಯಪುರದಲ್ಲಿದೆ. ಮನೆ ಎಂದರೆ ಒಂದೇ ಖೋಲಿ. ಅದೂ ಬಾಡಿಗೆಯದು. ಆ ಖೋಲಿಯಲ್ಲಿ ಆರು ಜನ. ಶಾಂತವ್ವ, ಗಂಡ, ಅತ್ತೆ, ಮೂವರು ಮಕ್ಕಳು. ಗಂಡ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾನೆ. ಶಾಂತವ್ವ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ.

ದೊಡ್ಡ ಮಗನಿಗೆ ಮದುವೆ ಗೊತ್ತಾಗಿದೆ. ಮದುವೆಯಾದರೆ ಸೊಸೆ ಬರುತ್ತಾಳೆ. ಆಗ ಏಳು ಜನ.

“ಸೊಸಿ ಬಂದ್ರ ನಾ ಹೊರಗ ಕಟ್ಟಿ ಮ್ಯಾಲೆ ಮಲಗತೇನಿ” ಎಂದಳು ಅತ್ತೆ.

“ಮಳಿ ಬಂದ್ರ?” ಎಂದಳು ಶಾಂತವ್ವ.

ಅತ್ತೆ ಸುಮ್ಮನಾದಳು.

ಶಾಂತವ್ವನಂಥವರು ಪ್ರತಿ ಓಣಿಯಲ್ಲೂ ಇದ್ದಾರೆ. ಮನೆಯ ಜನ ಬೆಳೆಯುತ್ತಾರೆ. ಗೋಡೆ ಬೆಳೆಯುವುದಿಲ್ಲ.

ಓಣಿಗೆ ಬಂದ ಮನುಷ್ಯ

ಒಂದು ದಿನ ಓಣಿಗೆ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಚೀಲ. ಚೀಲದಲ್ಲಿ ಬಣ್ಣದ ನಕ್ಷೆ.

“ಗೃಹ ನಿರ್ಮಾಣ ಸಹಕಾರ ಸಂಘದ ಪ್ಲಾಟ್ ಅದಾವ್ರಿ. ಕಡಿಮಿ ರೇಟು. ಇವತ್ತ ಇಪ್ಪತ್ತು ಸಾವಿರ ಕಟ್ಟಿದ್ರ ಪ್ಲಾಟ್ ನಿಮ್ದ. ನಾಳೆ ಅಂದ್ರ ಸಿಗೂದಿಲ್ಲ” ಎಂದ.

ಶಾಂತವ್ವನ ಹತ್ತಿರ ಸರಿಯಾಗಿ ಇಪ್ಪತ್ತು ಸಾವಿರ ಇತ್ತು. ಮಹಿಳಾ ಸಂಘದಲ್ಲಿ ನಾಲ್ಕು ವರ್ಷ ಕೂಡಿಟ್ಟ ಹಣ ಅದು.

“ತಗೊಂಡ ಬಿಡೂಣು. ಮತ್ತ ಸಿಗೂದಿಲ್ಲಂತ” ಎಂದ ಗಂಡ.

ಆ ಮನುಷ್ಯ ಕಾಗದ ತೆಗೆದ. ಮಸಿಯ ಡಬ್ಬಿಯನ್ನೂ ತೆಗೆದ. “ಇಲ್ಲಿ ಹೆಬ್ಬೆಟ್ಟು ಒತ್ತು ತಾಯಿ” ಎಂದ.

“ಹೆಬ್ಬೆಟ್ಟು ಯಾಕ್ರಿ? ನಾ ಸಹಿ ಮಾಡತೇನಿ. ಮೊದ್ಲ ಓದತೇನಿ” ಎಂದಳು ಶಾಂತವ್ವ.

ಅವಳು ಪಾವತಿಯನ್ನು ಕೈಗೆ ತೆಗೆದುಕೊಂಡಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹಣದ ಅಂಕಿ ಸರಿಯಾಗಿತ್ತು. ಅದರ ಮುಂದೆ ಒಂದು ಶಬ್ದ ಇತ್ತು. ದೇ... ಣಿ... ಗೆ.

ಈ ಶಬ್ದ ಅವಳಿಗೆ ಗೊತ್ತಿತ್ತು. ಜಾತ್ರೆಯಲ್ಲಿ ಗುಡಿಗೆ ಹಣ ಕೊಟ್ಟಾಗ ಹೀಗೇ ಬರೆದು ಕೊಡುತ್ತಾರೆ.

“ದೇಣಿಗಿ ಅಂದ್ರ ತಿರುಗಿ ಕೇಳೂ ಹಂಗಿಲ್ಲಲ್ರಿ? ಪ್ಲಾಟಿನ ರೊಕ್ಕಕ್ಕ ದೇಣಿಗಿ ಅಂತ ಯಾಕ ಬರದೀರಿ?”

“ಎಲ್ಲಾ ಒಂದ ತಾಯಿ.”

“ಸಂಘದ ನೋಂದಣಿ ನಂಬರ್ ಎಲ್ಲಿ ಐತ್ರಿ? ಆಫೀಸ್ ಎಲ್ಲಿ ಐತಿ? ನಾವ ಅಲ್ಲಿಗೆ ಬರತೇವಿ.”

ಆ ಮನುಷ್ಯ ನಕ್ಷೆ ಮಡಚಿದ. “ನಾಳೆ ಬರತೇನಿ” ಎಂದು ಹೋದ. ಮತ್ತೆ ಬರಲಿಲ್ಲ.

ಟ್ರಂಕಿನ ಕಾಗದ

ಸಂಜೆ ಪಕ್ಕದ ಮನೆಯ ನೀಲವ್ವ ಬಂದಳು. ಸೆರಗಿನಲ್ಲಿ ಒಂದು ಕಾಗದ ಕಟ್ಟಿಕೊಂಡಿದ್ದಳು.

“ಇದನ್ನಷ್ಟ ಓದಿ ಹೇಳ ತಂಗಿ. ಮೂರು ವರ್ಷದ ಹಿಂದ ಇಂಥವನ ಒಬ್ಬಾಂವ ಬಂದಿದ್ದ. ಬಂಗಾರ ಮಾರಿ ರೊಕ್ಕ ಕೊಟ್ಟೆ. ಹೆಬ್ಬೆಟ್ಟು ಒತ್ತಿದೆ.”

ಶಾಂತವ್ವ ಓದಿದಳು. ಅದರಲ್ಲೂ ಅದೇ ಶಬ್ದ. ದೇಣಿಗೆ.

ನೀಲವ್ವ ನೆಲಕ್ಕೆ ಕುಳಿತಳು. “ಮೂರು ವರ್ಷ ಇದನ್ನ ಟ್ರಂಕಿನ್ಯಾಗ ಜ್ವಾಕಿ ಮಾಡಿ ಇಟ್ಟಿದ್ನೆವ್ವಾ. ಪ್ಲಾಟಿನ ಕಾಗದ ಅಂತ ತಿಳಿದಿದ್ದೆ” ಎಂದಳು.

ಮರುದಿನ ಇಬ್ಬರೂ ಆ ಕಾಗದವನ್ನು ಕಲಿಕಾ ಕೇಂದ್ರಕ್ಕೆ ತಂದರು.

“ಅಕ್ಕೋರ, ಸಹಕಾರ ಸಂಘ ಅಂದ್ರ ಎಲ್ಲಾ ಮೋಸ ಏನ್ರಿ?” ಎಂದು ಶಾಂತವ್ವ ಕೇಳಿದಳು.

ಇಲ್ಲ. ಸಂಘದ ಹೆಸರು ಹೇಳಿ ಮೋಸ ಮಾಡುವವರಿದ್ದಾರೆ. ನಿಜವಾದ ಸಂಘಗಳೂ ಇವೆ. ಎರಡನ್ನೂ ಬೇರೆ ಮಾಡಿ ನೋಡಲು ಕಲಿಯಬೇಕು. ಅದೇ ಇವತ್ತಿನ ಪಾಠ.

ಸಹಕಾರ ಸಂಘ ಎಂದರೇನು?

ಒಬ್ಬರಿಂದ ಆಗದ ಕೆಲಸವನ್ನು ಹತ್ತು ಜನ ಕೂಡಿ ಮಾಡುವುದೇ ಸಹಕಾರ. ಇದು ನಮ್ಮ ನಾಡಿಗೆ ಹೊಸದಲ್ಲ. ಗದಗ ಹತ್ತಿರ ಕಣಗಿನಹಾಳ ಎಂಬ ಊರಿದೆ. ಅಲ್ಲಿ 1905ರಲ್ಲಿಯೇ ರೈತರು ಸಹಕಾರ ಸಂಘ ಕಟ್ಟಿದರು. ಸಿದ್ಧನಗೌಡ ಪಾಟೀಲರು ಅದರ ಮುಂದಾಳು.

ಮನೆಯ ವಿಷಯದಲ್ಲಿ ಸಂಘ ಹೇಗೆ ನಡೆಯುತ್ತದೆ? ಸದಸ್ಯರು ಷೇರು ಹಣ ಕೊಡುತ್ತಾರೆ. ಪ್ಲಾಟಿಗಾಗಿ ಠೇವಣಿ ಕಟ್ಟುತ್ತಾರೆ. ಸಂಘ ಆ ಹಣದಿಂದ ಒಟ್ಟಿಗೆ ಜಮೀನು ಕೊಳ್ಳುತ್ತದೆ. ರಸ್ತೆ, ಗಟಾರ, ನೀರು ಮಾಡಿಸುತ್ತದೆ. ಆಮೇಲೆ ಪ್ಲಾಟು ಹಂಚುತ್ತದೆ. ಇಲ್ಲಿ ಲಾಭ ತಿನ್ನುವ ಮಾಲೀಕ ಇರುವುದಿಲ್ಲ. ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. ಸರಿಯಾಗಿ ನಡೆದರೆ ಬೆಲೆ ಕಡಿಮೆ ಬೀಳುವುದು ಇದರಿಂದಲೇ.

ಸಂಘದಲ್ಲಿ ಒಬ್ಬ ಸದಸ್ಯರಿಗೆ ಒಂದೇ ಮತ. ಹೆಚ್ಚು ಷೇರು ಇದ್ದವರಿಗೂ ಒಂದೇ ಮತ. ರೊಟ್ಟಿ ಬಡಿಯುವ ಶಾಂತವ್ವನಿಗೂ ಒಂದು ಮತ. ಕರ್ನಾಟಕದಲ್ಲಿ ಇದಕ್ಕೆ ಕಾಯ್ದೆ ಇದೆ. 1959ರ ಸಹಕಾರ ಸಂಘಗಳ ಕಾಯ್ದೆ ಎಂದು ಅದರ ಹೆಸರು.

ಸೊಲ್ಲಾಪುರದ ಅಕ್ಕಂದಿರು

ವಿಜಯಪುರದಿಂದ ಸೊಲ್ಲಾಪುರ ದೂರವಲ್ಲ. ಅಲ್ಲಿ ಸಾವಿರಾರು ಹೆಂಗಸರು ಬೀಡಿ ಕಟ್ಟುತ್ತಾರೆ. ಅವರೂ ಇಕ್ಕಟ್ಟಿನ ಬಾಡಿಗೆ ಖೋಲಿಯಲ್ಲೇ ಇದ್ದವರು. ಮಗ್ಗುಲಲ್ಲಿ ಮಕ್ಕಳು, ಮಡಿಲಲ್ಲಿ ಬೀಡಿಯ ಮೊರ.

ಅವರು ಕೂಡಿ ಒಂದು ಗೃಹ ನಿರ್ಮಾಣ ಸಹಕಾರ ಸಂಘ ಮಾಡಿಕೊಂಡರು. ಗೋದುತಾಯಿ ಪರುಳೇಕರ ಅವರ ಹೆಸರನ್ನು ಸಂಘಕ್ಕೆ ಇಟ್ಟರು. ಗೋದುತಾಯಿ ಬಡವರ ಪರವಾಗಿ ದುಡಿದವರು. ಕಾರ್ಮಿಕ ಮುಂದಾಳು ನರಸಯ್ಯ ಆಡಂ ಅವರು ಈ ಹೆಂಗಸರ ಜೊತೆ ನಿಂತರು. ಮೋರ್ಚಾ ತೆಗೆದರು. ಅರ್ಜಿ ಕೊಟ್ಟರು. ವರ್ಷಗಟ್ಟಲೆ ಕಾಯ್ದರು.

ಒಂದು ಮನೆಗೆ 60,000 ರೂಪಾಯಿ ಖರ್ಚು. ಕೇಂದ್ರ ಸರ್ಕಾರ 20,000 ಕೊಟ್ಟಿತು. ರಾಜ್ಯ ಸರ್ಕಾರ 20,000 ಕೊಟ್ಟಿತು. ಉಳಿದ 20,000 ಬೀಡಿ ಕಟ್ಟುವ ಅಕ್ಕನದು. ಕುಂಭಾರಿ ಎಂಬ ಊರಿನ ಹತ್ತಿರ 10,000 ಮನೆಗಳು ಎದ್ದವು. 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಅವರು ಬಂದು ಕೀಲಿ ಕೊಟ್ಟರು.

ಇದನ್ನು ನೋಡಿ ಬೇರೆ ಕೂಲಿಯವರೂ ಮುಂದೆ ಬಂದರು. ಅಲ್ಲೇ ರೇ ನಗರ ಎಂಬ ದೊಡ್ಡ ವಸತಿ ಎದ್ದಿತು. ಅದರ ಗುರಿ 30,000 ಮನೆಗಳು. 2024ರ ಜನವರಿಯಲ್ಲಿ ಅದರಲ್ಲಿ 15,000 ಮನೆಗಳ ಉದ್ಘಾಟನೆ ಆಯಿತು.

ಈ ಕತೆಯಲ್ಲಿ ಒಂದು ಮಾತು ಗಮನಿಸಿ. ಇವತ್ತು ಹಣ ಕೊಟ್ಟು ನಾಳೆ ಮನೆ ಸಿಕ್ಕಿದ್ದಲ್ಲ. ಅವಸರ ಮಾಡುವವನ ಮಾತು ನಂಬಬೇಡಿ.

ಹಣ ಕೊಡುವ ಮೊದಲು ಕೇಳಿ

1. ಸಂಘ ನೋಂದಣಿ ಆಗಿದೆಯೇ? ನಂಬರ್ ಏನು? ಸಹಕಾರ ಇಲಾಖೆಯ ಕಚೇರಿಗೆ ಹೋಗಿ ಆ ನಂಬರ್ ಕೇಳಿ ನೋಡಿ.

2. ಜಮೀನು ಯಾರ ಹೆಸರಲ್ಲಿದೆ? ಉತಾರ ತೋರಿಸಲು ಹೇಳಿ. ಉತಾರದಲ್ಲಿ ಸಂಘದ ಹೆಸರು ಇದೆಯೇ ಓದಿ.

3. ಜಮೀನು ಎನ್.ಎ. ಆಗಿದೆಯೇ? ಹೊಲದಲ್ಲಿ ಪ್ಲಾಟು ಮಾಡಿ ಮನೆ ಕಟ್ಟಬೇಕಾದರೆ ಸರ್ಕಾರದ ಅನುಮತಿ ಬೇಕು. ಪ್ಲಾಟಿನ ನಕ್ಷೆಗೂ ಮಂಜೂರಾತಿ ಬೇಕು. ಬಣ್ಣದ ನಕ್ಷೆ ಸಾಲದು. ಸರ್ಕಾರಿ ಸಿಕ್ಕೆ ನೋಡಿ.

4. ಜಮೀನಿನ ಮೇಲೆ ಸಾಲ ಇದೆಯೇ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. ಸಿಗುತ್ತದೆ. ಅದರಲ್ಲಿ ತಿಳಿಯುತ್ತದೆ.

5. ಪಾವತಿಯಲ್ಲಿ ಏನು ಬರೆದಿದೆ? “ಷೇರು ಹಣ” ಅಥವಾ “ನಿವೇಶನ ಠೇವಣಿ” ಎಂದು ಇರಬೇಕು. ನಿಮ್ಮ ಹೆಸರು, ತಾರೀಖು, ಸಂಘದ ಸಿಕ್ಕೆ ಇರಬೇಕು. ಹಣವನ್ನು ಬ್ಯಾಂಕಿನ ಮೂಲಕ ಸಂಘದ ಖಾತೆಗೇ ಕಟ್ಟಿ. ಯಾರ ಕೈಗೂ ಕೊಡಬೇಡಿ.

6. ಸಂಘದ ವಾರ್ಷಿಕ ಸಭೆ ನಡೆಯುತ್ತದೆಯೇ? ಲೆಕ್ಕದ ತಪಾಸಣೆ ಆಗಿದೆಯೇ? ಹಳೆಯ ಸದಸ್ಯರನ್ನು ಕಂಡು ಮಾತಾಡಿ.

ಇನ್ನೊಂದು ಮಾತು. ಪ್ಲಾಟು ನಿಮ್ಮ ಹೆಸರಿನಲ್ಲಿ ಇರಲಿ. ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಲಿ. ಆಗ ನಿಮ್ಮ ಸಹಿ ಇಲ್ಲದೆ ಪೂರ್ತಿ ಪ್ಲಾಟನ್ನು ಮಾರಲು ಆಗುವುದಿಲ್ಲ.

ಮುಂದೆ ಏನಾಯಿತು?

ಶಾಂತವ್ವ ಒಬ್ಬಳೇ ಹೋಗಲಿಲ್ಲ. ಓಣಿಯ ಎಂಟು ಜನ ಹೆಂಗಸರು ಕೂಡಿ ಸಹಕಾರ ಇಲಾಖೆಯ ಕಚೇರಿಗೆ ಹೋದರು. ಮೊದಲ ದಿನ ಸಾಹೇಬರು ಸಿಗಲಿಲ್ಲ. ಎರಡನೆಯ ದಿನ ಸಿಕ್ಕರು. ಓಣಿಗೆ ಬಂದ ಮನುಷ್ಯ ಹೇಳಿದ ಸಂಘದ ಹೆಸರು ದಫ್ತರದಲ್ಲಿ ಇರಲೇ ಇಲ್ಲ. ನೋಂದಣಿಯಾದ ಬೇರೆ ಸಂಘಗಳ ಹೆಸರು ಬರೆದುಕೊಂಡು ಬಂದರು. ಒಂದು ಸಂಘದ ಕಾಗದ ನೋಡಿದರು. ಜಮೀನಿಗೂ ಹೋಗಿ ಬಂದರು.

ಶಾಂತವ್ವ ಆ ಸಂಘದ ಸದಸ್ಯೆ ಆದಳು. ಅರ್ಜಿಯ ಕೆಳಗೆ ತನ್ನ ಹೆಸರು ಬರೆದಳು. ಪ್ಲಾಟು ಕೈಗೆ ಬರಲು ಇನ್ನೂ ಸಮಯ ಬೇಕು. ಅಲ್ಲಿಯವರೆಗೆ ಪಕ್ಕದ ಸಣ್ಣ ಖೋಲಿಯನ್ನೂ ಬಾಡಿಗೆಗೆ ಹಿಡಿದಿದ್ದಾರೆ. ಅತ್ತೆ ಕಟ್ಟೆಯ ಮೇಲೆ ಮಲಗುವುದು ತಪ್ಪಿದೆ.

ನೀಲವ್ವ ಪೊಲೀಸರಿಗೂ ಇಲಾಖೆಗೂ ಅರ್ಜಿ ಕೊಟ್ಟಿದ್ದಾಳೆ. ಹಣ ಇನ್ನೂ ಬಂದಿಲ್ಲ. ಅರ್ಜಿ ಮುಟ್ಟಿದ ಪಾವತಿ ಅವಳ ಹತ್ತಿರ ಇದೆ. ಈಗ ಅವಳೂ ದಿನಾ ಸಂಜೆ ಕೇಂದ್ರಕ್ಕೆ ಬರುತ್ತಾಳೆ. “ನೀ” ಮತ್ತು “ಲ” ಬರೆಯಲು ಕಲಿತಿದ್ದಾಳೆ. “ವ್ವ” ಕಲಿಯುತ್ತಿದ್ದಾಳೆ.

ಲೆಕ್ಕ ಮಾಡೋಣ

ಒಂದು ಖೋಲಿಗೆ ತಿಂಗಳಿಗೆ 2,500 ರೂಪಾಯಿ ಬಾಡಿಗೆ. ಒಂದು ವರ್ಷಕ್ಕೆ ಎಷ್ಟು? ಐದು ವರ್ಷಕ್ಕೆ ಎಷ್ಟು?

ಒಂದು ಪ್ಲಾಟಿನ ಅಗಲ 20 ಅಡಿ, ಉದ್ದ 30 ಅಡಿ. ಒಟ್ಟು ಎಷ್ಟು ಚದರ ಅಡಿ?

ಕೂಡಿ ಮಾತಾಡೋಣ

1. ಶಾಂತವ್ವ ಓದದೆ ಹೆಬ್ಬೆಟ್ಟು ಒತ್ತಿದ್ದರೆ ಏನಾಗುತ್ತಿತ್ತು?
2. ಷೇರು ಹಣ, ಠೇವಣಿ, ದೇಣಿಗೆ. ಈ ಮೂರಕ್ಕೂ ಏನು ವ್ಯತ್ಯಾಸ?
3. ನಿಮ್ಮ ಮನೆಯ ಕಾಗದ ಯಾರ ಹೆಸರಿನಲ್ಲಿದೆ? ಇವತ್ತು ಮನೆಗೆ ಹೋಗಿ ತೆಗೆದು ಓದಿ. ತಿಳಿಯದ ಶಬ್ದ ಬರೆದುಕೊಂಡು ನಾಳೆ ತನ್ನಿ.