ಹಿಂದಿನ ಸೀಟಿನಲ್ಲಿ ಮೊದಲು ಕೂತು ನೋಡು

ಪುಟ್ಟಿ, ನೀನು ವಾಟ್ಸಾಪಿನಲ್ಲಿ ಕಳಿಸಿದ ನಾಲ್ಕೂ ಕಾರಿನ ಚಿತ್ರ ನೋಡಿದೆ. ಬಿಎಂಡಬ್ಲ್ಯು ಎಕ್ಸ್‌1, ಬೆಂಜ್ ಜಿಎಲ್‌ಎ, ಆಡಿ ಕ್ಯೂ3, ವೋಲ್ವೊ ಇಎಕ್ಸ್40. ನಾಲ್ಕನ್ನೂ ಮುಂದಿನಿಂದಲೇ ತೆಗೆದಿದ್ದೀ. ಕೆಳಗೆ "ಮಾವ, ಯಾವುದು ತಗೊಳ್ಳಲಿ?" ಅಂತ ಒಂದೇ ಸಾಲು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿ ಬರೆಯಲು ಕೂತಿದ್ದೇನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತು ನನ್ನಿಂದ ಬರುವುದಿಲ್ಲ. ಹನ್ನೊಂದು ವರ್ಷ ದುಡಿದಿದ್ದೀ, ತಮ್ಮನನ್ನು ಓದಿಸಿದ್ದೀ, ಅಕ್ಕನ ಮನೆಸಾಲ ತೀರಿಸಿದ್ದೀ. ಒಳ್ಳೆಯ ಗಾಡಿ ಓಡಿಸಬೇಕೆಂಬ ಆಸೆಗೆ ನೀನು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ನನ್ನ ಚಿಂತೆ ಬೇರೆ. ಆ ನಾಲ್ಕು ಚಿತ್ರಗಳಲ್ಲಿ ಒಂದರಲ್ಲೂ ಹಿಂದಿನ ಬಾಗಿಲು ತೆರೆದಿಲ್ಲ.

ನಾನು ಮೊದಲ ಹೊಸ ಕಾರು ತಂದಾಗ ನೀನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ಶೋರೂಮಿನಲ್ಲಿ ನಾನು ಸ್ಟೀರಿಂಗ್ ಹಿಡಿದು ಕೂತೆ, ಗೇರು ಹಾಕಿ ನೋಡಿದೆ, ಬಣ್ಣ ಆರಿಸಿದೆ. ಕಂಪನಿ ಯಾವುದು ಅನ್ನುವುದು ಇಲ್ಲಿ ಬೇಡ, ತಪ್ಪು ಕಾರಿನದ್ದಲ್ಲ. ಮನೆಗೆ ತಂದು ಪೂಜೆ ಮಾಡಿಸಿ ನಿನ್ನ ಅಜ್ಜನನ್ನು ಶೃಂಗೇರಿಗೆ ಕರೆದುಕೊಂಡು ಹೋಗೋಣ ಎಂದು ಹಿಂದಿನ ಬಾಗಿಲು ತೆರೆದೆ. ಅಜ್ಜನ ಮಂಡಿ ಆಗಲೇ ಹೋಗಿತ್ತು. ಸೀಟು ತೀರಾ ತಗ್ಗು, ಬಾಗಿಲಿನ ಕೆಳಗಡೆ ಚಕ್ರದ ಉಬ್ಬು ಅಡ್ಡ. ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಕೈಯಲ್ಲಿ ಎತ್ತಿ ಎಳೆದುಕೊಂಡರು. ಇಳಿಯುವಾಗ ನಾವಿಬ್ಬರು ಹಿಡಿದು ಎಬ್ಬಿಸಿದೆವು. ಅಷ್ಟು ಜನರ ಎದುರು ಅವರಿಗೆ ಹೇಗಾಯಿತೋ ಏನೋ, ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಮುಂದಿನ ಸಲ ಕರೆದಾಗ, "ನೀವು ಹೋಗ್ಬನ್ನಿ, ನಂಗೆ ಬಸ್ಸೇ ಆಗ್ತದೆ" ಅಂದರು. ಆ ಕಾರು ಒಂಬತ್ತು ವರ್ಷ ಮನೆಯಲ್ಲಿತ್ತು. ಅಜ್ಜ ಅದರಲ್ಲಿ ಎರಡನೆಯ ಸಲ ಕೂತದ್ದು ಆಸ್ಪತ್ರೆಗೆ ಹೋಗುವಾಗ.

ಅದಕ್ಕೇ ಹೇಳುತ್ತೇನೆ, ಶೋರೂಮಿಗೆ ಹೋದ ಕೂಡಲೇ ಸ್ಟೀರಿಂಗ್ ಹಿಡಿಯಬೇಡ. ಹಿಂದಿನ ಬಾಗಿಲು ತೆರೆ. ಸೀಟಿನ ಅಂಚು ನಿಂತವರ ಸೊಂಟದ ಕೆಳಮಟ್ಟಕ್ಕೆ ಇದ್ದರೆ ವಯಸ್ಸಾದವರು ಹತ್ತಲೂ ಬೇಕಿಲ್ಲ, ಕುಸಿಯಲೂ ಬೇಕಿಲ್ಲ, ಸುಮ್ಮನೆ ಕೂತು ಕಾಲು ಒಳಗೆ ತಿರುಗಿಸಿಕೊಂಡರಾಯಿತು. ಎಸ್‌ಯುವಿ ಎಂಬ ಜಾತಿಯ ನಿಜವಾದ ಉಪಕಾರ ಇದೇ. ಕೂತ ಮೇಲೆ ಮಂಡಿ ಎಲ್ಲಿ ಬರುತ್ತದೆ ನೋಡು. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿ ನೆಲದಡಿ ಇರುವುದರಿಂದ ನೆಲ ಮೇಲೆದ್ದಿರುತ್ತದೆ, ಮಂಡಿ ಎದೆಯ ಕಡೆ ಬರುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಹತ್ತು ನಿಮಿಷದಲ್ಲಿ ಗೊತ್ತಾಗದ ನೋವು ಹಾಸನ ದಾಟುವಷ್ಟರಲ್ಲಿ ಸೊಂಟಕ್ಕೆ ಇಳಿದಿರುತ್ತದೆ. ನಡುವಿನ ಸೀಟಿನಲ್ಲಿ ಕೂರುವವರ ಕಾಲಡಿ ನೆಲದ ದಿಬ್ಬ ಎಷ್ಟಿದೆ ನೋಡು. ಗಾಜಿನ ಚಾವಣಿ ಇದ್ದರೆ ತಲೆಯ ಮೇಲಿನ ಜಾಗ ಒಂದೆರಡು ಬೆರಳು ಕಡಿಮೆಯಾಗಿರುತ್ತದೆ. ನಿನ್ನ ತಮ್ಮನನ್ನು ಕೂರಿಸಿ ನೋಡು, ಅವನು ಆರಡಿ ಇದ್ದಾನೆ. ಸನ್‌ರೂಫ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಏಪ್ರಿಲ್ ಬಿಸಿಲಿಗೆ ಅದು ಬೇಡವೇ ಬೇಡ, ಮಕ್ಕಳು ಅದರಿಂದ ತಲೆ ಹೊರಹಾಕಿ ನಿಂತದ್ದನ್ನು ಕಂಡರೆ ನನ್ನ ಜೀವ ಬಾಯಿಗೆ ಬರುತ್ತದೆ.

ಬೆಲ್ಟಿನ ಬಕಲ್ ಹುಡುಕು. ಅದು ಸೀಟಿನ ಸಂದಿನಲ್ಲಿ ಮುಳುಗಿದ್ದರೆ ಅಜ್ಜಿಯ ಕೈಗೆ ಸಿಗುವುದಿಲ್ಲ, ಸಿಗದಿದ್ದರೆ ಹಾಕುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ ಕೂತಿದ್ದಾಗ. ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಅದು ದೊಡ್ಡ ಬೆಲೆಯ, ಏರ್‌ಬ್ಯಾಗ್ ತುಂಬಿದ ಕಾರೇ ಆಗಿತ್ತು. ಇವತ್ತು ಎಲ್ಲ ಕಾರಿನಲ್ಲೂ ಇರುವ ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು, ಕಂಪನಿ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆರು ದಶಕ ದಾಟಿದರೂ ನಾವು ಹಿಂದೆ ಕೂತರೆ ಅದನ್ನು ಮುಟ್ಟುವುದಿಲ್ಲ. ನಿನ್ನ ಕಾರಿನಲ್ಲಿ ಹಾಗಾಗಬಾರದು.

ಇನ್ನು ಹೆಸರಿನ ಮಾತು. ಮುಂದಿನ ಲಾಂಛನ ನೋಡಿ ಇಡೀ ಗಾಡಿ ಜರ್ಮನಿಯಿಂದ ಹಡಗಿನಲ್ಲಿ ಬಂತು ಅಂದುಕೊಳ್ಳಬೇಡ. ಎಕ್ಸ್‌1 ಜೋಡಣೆಯಾಗುವುದು ಚೆನ್ನೈನಲ್ಲಿ, ಜಿಎಲ್‌ಎ ಪುಣೆಯ ಹತ್ತಿರದ ಚಾಕಣದಲ್ಲಿ, ಕ್ಯೂ3 ಹಿಂದೆ ಔರಂಗಾಬಾದ್ ಎನ್ನುತ್ತಿದ್ದ ಛತ್ರಪತಿ ಸಂಭಾಜಿನಗರದಲ್ಲಿ. ವೋಲ್ವೊ ಅಂತೂ ನಮ್ಮ ಹೊಸಕೋಟೆಯಲ್ಲಿ. ಜಿಎಲ್‌ಎ 200ರ 1.3 ಲೀಟರ್ ಪೆಟ್ರೋಲ್ ಎಂಜಿನನ್ನು ಬೆಂಜ್ ಕಂಪನಿ ರೆನೊ, ನಿಸಾನ್ ಜೊತೆ ಸೇರಿ ರೂಪಿಸಿದ್ದು; ಅದೇ ವಂಶದ ಎಂಜಿನ್ ನಮ್ಮಲ್ಲಿ ಕೆಲಕಾಲ ರೆನೊ ಡಸ್ಟರ್‌ನಲ್ಲೂ ಬಂದಿತ್ತು. ಎಕ್ಸ್‌1ರ ಆರಂಭದ ಪೆಟ್ರೋಲ್ ಮಾದರಿಯಲ್ಲಿ ಇರುವುದು ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್. ಕ್ಯೂ3ಯ 2 ಲೀಟರ್ ಎಂಜಿನ್ ಮತ್ತು ಅಡಿಪಾಯಕ್ಕೆ ಸ್ಕೋಡಾ ಕೊಡಿಯಾಕ್, ಫೋಕ್ಸ್‌ವ್ಯಾಗನ್ ಟಿಗ್ವಾನ್ ದಾಯಾದಿಗಳು. ಇದರಲ್ಲಿ ಮೋಸವೇನೂ ಇಲ್ಲ. ಎಂಜಿನ್ ಒಂದೇ ಮನೆತನದ್ದಾದರೂ ಶಬ್ದ ತಡೆಯುವ ಕೆಲಸ, ಸೀಟಿನ ಹೊಲಿಗೆ, ಬಾಗಿಲು ಮುಚ್ಚುವ ಗಟ್ಟಿತನ ಬೇರೆ ಬೇರೆ, ಅದಕ್ಕೆ ನೀನು ಹಣ ಕೊಡುತ್ತೀ. ಆದರೆ ಯಾವುದಕ್ಕೆ ಎಷ್ಟು ಕೊಡುತ್ತಿದ್ದೇನೆ ಎಂಬುದು ಕೊಡುವವಳಿಗೆ ತಿಳಿದಿರಬೇಕು. ಕೊಡಿಯಾಕ್‌ನ ಹಿಂದಿನ ಸೀಟಿನಲ್ಲೂ ಒಮ್ಮೆ ಕೂತು ಬಾ. ಆಮೇಲೂ ಆಡಿಯೇ ಬೇಕೆನಿಸಿದರೆ ಧೈರ್ಯವಾಗಿ ತಗೋ.

ಕಾಂಪ್ಯಾಕ್ಟ್ ಎಂಬ ಪದ ಕೇಳಿ ಸಣ್ಣದು ಎಂದುಕೊಳ್ಳಬೇಡ. ಎಕ್ಸ್‌1ರ ಉದ್ದ ನಾಲ್ಕೂವರೆ ಮೀಟರ್. ಟೇಪು ಹಿಡಿದು ಜೆ.ಪಿ. ನಗರದ ನಿನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವಿನ ಜಾಗ ಅಳೆ. ನಿಲ್ಲಿಸಿದ ಮೇಲೆ ಹಿಂದಿನ ಬಾಗಿಲು ಪೂರ್ತಿ ತೆರೆಯಬೇಕು, ಇಲ್ಲದಿದ್ದರೆ ಸೀಟು ಎಷ್ಟೇ ಚೆನ್ನಾಗಿದ್ದರೂ ಫಲವಿಲ್ಲ.

ದುಡ್ಡಿನ ವಿಷಯ ಸ್ವಲ್ಪ ನಿಧಾನವಾಗಿ ಓದು. ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ನಾನು ಕೂತದ್ದು 26 ವರ್ಷ. ಕಾರು ಕೊಂಡು ನೊಂದವರಲ್ಲಿ ಹೆಚ್ಚಿನವರು ಎಕ್ಸ್‌ಶೋರೂಂ ಬೆಲೆಯನ್ನೇ ಬೆಲೆ ಎಂದುಕೊಂಡವರು. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಆಜೀವ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. 50 ಲಕ್ಷದ ಕಾರಿಗೆ ಅದೇ ಹತ್ತಿರ ಹತ್ತಿರ 10 ಲಕ್ಷ. ವಿಮೆ ಸೇರಿ ಮನೆ ಬಾಗಿಲಿಗೆ ಬರುವಾಗ 62 ಲಕ್ಷ ಮುಟ್ಟುತ್ತದೆ. ಇದರಲ್ಲಿ ಟಿಸಿಎಸ್ ಎಂದು ಶೇ 1, ಅಂದರೆ 50 ಸಾವಿರದಷ್ಟು ಹಿಡಿಯುತ್ತಾರೆ. ಅದು ನಿನ್ನ ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುವ ಹಣ, ರಿಟರ್ನ್ಸ್ ಸಲ್ಲಿಸುವಾಗ ಮರೆಯಬೇಡ. ಪುದುಚೇರಿಯಲ್ಲಿ ರಿಜಿಸ್ಟ್ರೇಷನ್ ಮಾಡಿಸಿದರೆ ಇಷ್ಟು ಉಳಿಯುತ್ತದೆ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಆ ದಾರಿ ತುಳಿಯಬೇಡ. ಬೇರೆ ರಾಜ್ಯದ ನಂಬರ್ ಹಾಕಿಕೊಂಡು ಇಲ್ಲೇ ಓಡಾಡುವ ಐಷಾರಾಮಿ ಕಾರುಗಳನ್ನು ನಮ್ಮ ಸಾರಿಗೆ ಇಲಾಖೆಯವರು ಹಿಡಿದು ತೆರಿಗೆ ಕಟ್ಟಿಸಿಕೊಂಡದ್ದನ್ನು ನೀನೂ ಪೇಪರಿನಲ್ಲಿ ಓದಿದ್ದೀ.

ಸಾಲಕ್ಕೆ ಬಂದರೆ, 40 ಲಕ್ಷವನ್ನು ಶೇ 9ರ ಬಡ್ಡಿಗೆ ಏಳು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 64,360 ರೂಪಾಯಿ, ಬಡ್ಡಿಯೇ 14 ಲಕ್ಷ. ಐದು ವರ್ಷಕ್ಕಾದರೆ ಕಂತು 83 ಸಾವಿರ, ಬಡ್ಡಿ 10 ಲಕ್ಷದೊಳಗೆ. ಆ 83 ಸಾವಿರ ಕಟ್ಟಲು ಕೈ ನಡುಗಿದರೆ ಆ ಕಾರು ಈ ವರ್ಷಕ್ಕಲ್ಲ ಎಂದು ತಿಳಿ, ಏಳು ವರ್ಷಕ್ಕೆ ಎಳೆಯಬೇಡ. ವಿಮೆಯವರ ಲೆಕ್ಕದಲ್ಲೇ ನಾಲ್ಕು ವರ್ಷ ದಾಟಿದ ಕಾರಿಗೆ ಅರ್ಧ ಬೆಲೆ. ಕಾರಿನ ಬೆಲೆಗಿಂತ ಸಾಲ ದೊಡ್ಡದಾಗಿ ಉಳಿದವರು ನನ್ನ ಮೇಜಿನ ಮುಂದೆ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ಕಂತು ತೀರಾ ಕಡಿಮೆ ತೋರಿಸುವ ಸ್ಕೀಮುಗಳೂ ಇವೆ, ಅವುಗಳಲ್ಲಿ ಕೊನೆಗೆ ಒಂದು ದೊಡ್ಡ ಗಂಟು ಕಟ್ಟಬೇಕಾಗಿರುತ್ತದೆ. ಕಾಗದದಲ್ಲಿ ಕೊನೆಯ ಕಂತು ಎಷ್ಟು ಎಂದು ಕೇಳದೆ ಸಹಿ ಹಾಕಬೇಡ.

ಡೀಸೆಲ್ ನಿನಗೆ ಬೇಡ. ಮನೆಯಿಂದ ಬೆಳ್ಳಂದೂರಿನ ಆಫೀಸಿಗೆ ಸಿಲ್ಕ್ ಬೋರ್ಡ್ ದಾಟಿ ತೆವಳುವ ಓಡಾಟ ನಿನ್ನದು. ಬಿಎಸ್6 ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದು ಕಾದು ತನ್ನನ್ನು ತಾನು ಸುಟ್ಟು ಚೊಕ್ಕಟ ಮಾಡಿಕೊಳ್ಳಲು ಆಗಾಗ ಹೆದ್ದಾರಿಯ ಓಟ ಬೇಕು. ವರ್ಷಕ್ಕೆ ನಾಲ್ಕು ಸಲ ಊರಿಗೆ ಬಂದರೆ ಸಾಲದು. ಉಳಿದದ್ದು ಪೆಟ್ರೋಲ್ ಅಥವಾ ವಿದ್ಯುತ್. ಅಪಾರ್ಟ್‌ಮೆಂಟ್ ಸಂಘದವರು ನಿನ್ನ ಪಾರ್ಕಿಂಗ್ ಜಾಗಕ್ಕೆ ಚಾರ್ಜರ್ ಹಾಕಿಸಲು ಬರೆದು ಒಪ್ಪಿಗೆ ಕೊಟ್ಟರೆ ವಿದ್ಯುತ್ತೇ ಸರಿ ಎಂಬುದು ನನ್ನ ತೂಕ. ತೆವಳುವ ದಾರಿಯಲ್ಲಿ ಅದರಷ್ಟು ನೆಮ್ಮದಿ ಯಾವ ಗೇರುಪೆಟ್ಟಿಗೆಯೂ ಕೊಡುವುದಿಲ್ಲ. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5, ಈ ಗಾತ್ರದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್‌ನಿಂದ ಶೇ 40. 25 ಲಕ್ಷ ದಾಟಿದ ವಿದ್ಯುತ್ ಕಾರಿಗೆ ನಮ್ಮ ರಾಜ್ಯ 2024ರಲ್ಲಿ ತಂದ ತೆರಿಗೆ ಶೇ 10. ಬುಕ್ ಮಾಡುವ ದಿನ ಎಷ್ಟಿದೆ ಎಂದು ಕೇಳಿಕೋ. ಬಿಎಂಡಬ್ಲ್ಯುನವರು 2025ರ ಜನವರಿಯಲ್ಲಿ ತಂದ ಐಎಕ್ಸ್1ರಲ್ಲಿ ಮುಂದಿನ, ಹಿಂದಿನ ಚಕ್ರಗಳ ನಡುವಿನ ಉದ್ದವನ್ನು 2.8 ಮೀಟರಿಗೆ ಎಳೆದಿದ್ದಾರೆ, ಆ ಹಿಗ್ಗಿದ ಜಾಗ ಹಿಂದೆ ಕೂರುವವರ ಕಾಲಿಗೆ ಸಿಕ್ಕಿದೆ. ನಿನ್ನ ಪಟ್ಟಿಯಲ್ಲಿ ಅದಿಲ್ಲ, ಸೇರಿಸು. ಕಂಪನಿ ಹೇಳುವ 531 ಕಿ.ಮೀ. ಪರೀಕ್ಷೆಯ ಲೆಕ್ಕ, ಅಷ್ಟು ಸಿಗುವುದಿಲ್ಲ. ನಮ್ಮೂರು ಕೊಪ್ಪಕ್ಕೆ ಮುನ್ನೂರು ಚಿಲ್ಲರೆ ಕಿ.ಮೀ.; ಹಾಸನದಲ್ಲಿ ಊಟಕ್ಕೆ ನಿಂತಾಗ ಚಾರ್ಜಿಗೆ ಹಾಕುವ ಅಭ್ಯಾಸ ಮಾಡಿಕೋ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ.

ಟೆಸ್ಟ್ ಡ್ರೈವ್‌ಗೆ ಅವರು ನುಣುಪಾದ ರಸ್ತೆಗೆ ಕರೆದೊಯ್ಯುತ್ತಾರೆ. ಬೇಡ, ನಮ್ಮ ಮನೆಗೆ ಹೋಗೋಣ ಅನ್ನು. ನಾಲ್ಕು ಜನ ತುಂಬಿಕೊಂಡು ನಿಮ್ಮ ಬೀದಿಯ ಹಂಪ್ ದಾಟಿಸು, ಹೊಟ್ಟೆ ತಾಗುತ್ತದೋ ಕೇಳಿಸಿಕೋ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ನಿಲ್ಲಿಸಿ ಹತ್ತಿಸು. ಪೆಟ್ರೋಲ್ ಗಾಡಿಯಾದರೆ ಸಂಜೆ ಆರರ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ತೆವಳಿಸು. ಈ ಡಬಲ್ ಕ್ಲಚ್ ಗೇರುಪೆಟ್ಟಿಗೆಗಳು ವೇಗದಲ್ಲಿ ಬೆಣ್ಣೆಯಂತಿದ್ದರೂ ಆಮೆನಡಿಗೆಯಲ್ಲಿ ಕೆಲವು ಜಗ್ಗುತ್ತವೆ. ಆಮೇಲೆ ಸ್ಟೀರಿಂಗ್ ತಮ್ಮನಿಗೆ ಕೊಟ್ಟು ನೀನು ಹಿಂದೆ ಕೂರು. ದೊಡ್ಡ ಚಕ್ರ, ತೆಳು ಟೈರು ನೋಡಲು ಚಂದ, ಆದರೆ ಬಾಳೆಹೊನ್ನೂರು ದಾಟಿದ ಮೇಲಿನ ಗುಂಡಿಗಳಲ್ಲಿ ಪ್ರತಿ ಏಟೂ ಹಿಂದೆ ಕೂತವರ ಬೆನ್ನಿಗೆ. ಟೈರಿನ ಪಕ್ಕೆ ಒಡೆದರೆ ಅಲ್ಲಿಯ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆ ಸಿಗುವುದಿಲ್ಲ. ಸ್ಟೆಪ್ನಿ ಇದೆಯೋ, ಬರೀ ಗಾಳಿ ತುಂಬುವ ಪೆಟ್ಟಿಗೆ ಕೊಟ್ಟಿದ್ದಾರೋ, ಡಿಕ್ಕಿಯ ನೆಲ ಎತ್ತಿ ನೋಡು.

ವಿಮೆ ಮಾಡಿಸುವಾಗ ಸವಕಳಿ ಕಳೆಯದೆ ಪರಿಹಾರ ಕೊಡುವ ಜೀರೊ ಡೆಪ್ ಜೊತೆಗೆ ನೀರು ನುಗ್ಗಿ ಎಂಜಿನ್ ಕೆಟ್ಟರೆ ಕೊಡುವ ರಕ್ಷಣೆಯನ್ನೂ ಸೇರಿಸಲೇಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್‌ನಲ್ಲಿ ನಿಂತಲ್ಲೇ ಮುಳುಗಿದ ಕಾರುಗಳ ಚಿತ್ರ ನೆನಪಿದೆಯಲ್ಲ. ನೀರಿನಲ್ಲಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡ, ಇಳಿದು ಟೋ ಗಾಡಿ ಕರೆಸು.

ಡೆಲಿವರಿಗೆ ಮುಂಚೆ ಟೈರಿನ ಮೇಲಿನ ನಾಲ್ಕಂಕಿ ಓದು, 2325 ಎಂದಿದ್ದರೆ 2025ರ 23ನೇ ವಾರ ಎಂದರ್ಥ. ಅದು ಕಾರು ತಯಾರಾದ ತಿಂಗಳಿಗೆ ಹತ್ತಿರವಿರಬೇಕು. ಕಳೆದ ವರ್ಷದ ಸ್ಟಾಕ್ ಆದರೆ ಬೆಲೆ ಇಳಿಸಲು ಸಂಕೋಚವಿಲ್ಲದೆ ಕೇಳು.

ಮುಂದಿನ ಬುಧವಾರ ಅಜ್ಜಿಯನ್ನು ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಕರೆತರುತ್ತಿದ್ದೇನೆ. ಮಂಗಳವಾರ ರಾತ್ರಿಯ ಬಸ್ಸಿಗೆ ಸೀಟು ಆಗಿದೆ. ತಪಾಸಣೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ನೀನು ಆಫೀಸಿಗೆ ಅರ್ಧ ದಿನ ರಜೆ ಹಾಕು, ಶೋರೂಮಿನವರಿಗೆ ಮೂರು ಗಂಟೆಗೆ ಬರುತ್ತೇವೆಂದು ಹೇಳಿಡು. ಅಜ್ಜಿಗೆ ವಿಷಯ ತಿಳಿಸಿದೆ. "ನಂಗೆ ಕಾರು ಗೀರು ಏನು ಗೊತ್ತಾಗ್ತದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಯಾವ ಸೀರೆ ಉಡಲಿ ಅಂತ ಕೇಳಿದರು.