ಆರೋಗ್ಯ ಪ್ರಶ್ನೋತ್ತರ: ಸ್ತನವನ್ನು ತಾವೇ ನೋಡಿಕೊಳ್ಳುವುದರಿಂದ ಪ್ರಯೋಜನ ಉಂಟೇ?

ಪ್ರಶ್ನೆ: ನನಗೆ 46 ವರ್ಷ. ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಸ್ತ್ರೀಶಕ್ತಿ ಸಂಘದ ಸಭೆಗೆ ಬಂದಿದ್ದ ಆರೋಗ್ಯ ಸಹಾಯಕಿ, ತಿಂಗಳಿಗೊಮ್ಮೆ ನಮ್ಮ ಸ್ತನಗಳನ್ನು ನಾವೇ ಮುಟ್ಟಿ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟರು. ಮೈಸೂರಿನಲ್ಲಿ ಮೆಡಿಕಲ್ ಓದುತ್ತಿರುವ ನನ್ನ ಅಣ್ಣನ ಮಗ ಮಾತ್ರ, ಇದರಿಂದ ಯಾರ ಜೀವವೂ ಉಳಿಯುವುದಿಲ್ಲವೆಂದು ದೊಡ್ಡ ಸಂಶೋಧನೆಯಲ್ಲೇ ಗೊತ್ತಾಗಿದೆ, ಸುಮ್ಮನೆ ಭಯ ಹೆಚ್ಚುತ್ತದೆ ಅಷ್ಟೇ ಎನ್ನುತ್ತಾನೆ. ನಮ್ಮ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಬಂದಿಲ್ಲ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಅಣ್ಣನ ಮಗ ಹೇಳಿದ ಸಂಶೋಧನೆ ನಿಜ. ಚೀನಾದ ಶಾಂಘೈ ನಗರದ ಜವಳಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ 2,66,000ಕ್ಕೂ ಹೆಚ್ಚು ಹೆಂಗಸರನ್ನು 1989ರಿಂದ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ವಯಂ ಪರೀಕ್ಷೆಯನ್ನು ಚೆನ್ನಾಗಿ ಕಲಿಸಿ ಮತ್ತೆ ಮತ್ತೆ ನೆನಪಿಸಿದರು, ಇನ್ನೊಂದಕ್ಕೆ ಕಲಿಸಲಿಲ್ಲ. ಸುಮಾರು ಹತ್ತು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸ್ತನ ಕ್ಯಾನ್ಸರ್‌ನಿಂದ ಸತ್ತವರು ಕಲಿತವರಲ್ಲಿ 135, ಕಲಿಯದವರಲ್ಲಿ 131. ಅಪಾಯವಿಲ್ಲದ ಗಂಟುಗಳು ಮಾತ್ರ ಕಲಿತವರಲ್ಲಿ ಎರಡು ಪಟ್ಟಿನ ಹತ್ತಿರ ಪತ್ತೆಯಾದವು. ಅಂದರೆ ಅಷ್ಟು ಜನ ಹೆಚ್ಚಿಗೆ ಆತಂಕಪಟ್ಟರು, ಅನೇಕರು ಬೇಡದ ಬಯಾಪ್ಸಿಗೂ ಒಳಗಾದರು. ಇದಾದ ಮೇಲೆ ಹಲವು ದೇಶಗಳಲ್ಲಿ ವೈದ್ಯರು ತಿಂಗಳ ಕಡ್ಡಾಯ ಪರೀಕ್ಷೆಯನ್ನು ಒತ್ತಾಯಿಸುವುದನ್ನು ಬಿಟ್ಟರು. ಈ ಫಲಿತಾಂಶವನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡುವುದು ಸರಿಯಲ್ಲ.

ಆದರೆ ಅದೇ ಅಧ್ಯಯನದ ಇನ್ನೊಂದು ಅಂಶವನ್ನೂ ನೋಡಬೇಕು. ಎರಡೂ ಗುಂಪುಗಳಲ್ಲಿ ಕ್ಯಾನ್ಸರ್ ಗಂಟು ಸಿಕ್ಕಾಗ ಅದರ ಗಾತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕಲಿಯದ ಹೆಂಗಸರೂ ಸ್ನಾನ ಮಾಡುವಾಗ, ಬಟ್ಟೆ ಬದಲಿಸುವಾಗ ಬದಲಾವಣೆಯನ್ನು ಗುರುತಿಸಿ ವೈದ್ಯರ ಬಳಿ ಹೋಗಿದ್ದರು. ಅಂಥ ಕಡೆ ತಿಂಗಳ ಕವಾಯತಿನಿಂದ ಹೆಚ್ಚಿನ ಲಾಭ ಆಗಲಿಲ್ಲ. ನಮ್ಮ ಸ್ಥಿತಿ ಬೇರೆ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ 1.92 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂತು, 98,000ಕ್ಕೂ ಹೆಚ್ಚು ಮಂದಿ ಅದರಿಂದ ತೀರಿಕೊಂಡರು. ಇಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಮಂದಿ ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಕಂಕುಳಿಗೋ ಅದರಾಚೆಗೋ ಹಬ್ಬಿರುತ್ತದೆ. ಬೇಗ ಬರುವವರ ನಡುವೆ ನಡೆದ ಅಧ್ಯಯನವನ್ನು ತಡವಾಗಿ ಬರುವವರಿಗೆ ಹಾಗೆಯೇ ಅನ್ವಯಿಸಲು ಆಗುವುದಿಲ್ಲ.

ಹಾಗೆಂದು ಸ್ವಯಂ ಪರೀಕ್ಷೆಯೊಂದರಿಂದಲೇ ಇಲ್ಲಿ ಜೀವ ಉಳಿಯುತ್ತದೆಂದೂ ಹೇಳಲಾರೆ. ನಮಗೆ ಹತ್ತಿರದ ಸಾಕ್ಷ್ಯ ಮುಂಬೈಯದು. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರೊಂದಿಗೆ ಶುರುಮಾಡಿದ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ರೋಗದ ಲಕ್ಷಣಗಳನ್ನು ತಿಳಿಹೇಳಿದರು. ಜೊತೆಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಹೊರಬಂತು. ಮೂರನೇ, ನಾಲ್ಕನೇ ಹಂತದಲ್ಲಿ ಪತ್ತೆಯಾದವರು ಇನ್ನೊಂದು ಗುಂಪಿನಲ್ಲಿ ನೂರಕ್ಕೆ 47 ಇದ್ದರೆ ಇವರಲ್ಲಿ 37. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನ ಸಾವು ಶೇಕಡ 30ರ ಹತ್ತಿರ ತಗ್ಗಿತು. ಅದಕ್ಕಿಂತ ಕಿರಿಯರಲ್ಲಿ ಸಾವು ತಗ್ಗಿದ್ದು ಸಾಬೀತಾಗಲಿಲ್ಲ. ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ನಿಮ್ಮ ಕೈ ನಿಮ್ಮ ಸ್ತನವನ್ನು ತಿಳಿದಿರಬೇಕು, ಆದರೆ ಅದು ತರಬೇತಿ ಪಡೆದ ಇನ್ನೊಂದು ಕೈಗೆ ಬೇಗ ಜೋಡಿಯಾಗಬೇಕು. ಜೋಡಿಯಾಗದಿದ್ದರೆ ನಿಮ್ಮ ಆರೋಗ್ಯ ಸಹಾಯಕಿ ಕಲಿಸಿದ್ದು ಅರ್ಧಕ್ಕೇ ನಿಂತಂತೆ.

ಕೊಡಗಿನಲ್ಲಿ ಆ ಜೋಡಣೆ ತಪ್ಪುವುದಕ್ಕೆ ಕಾರಣಗಳು ಎಲ್ಲರಿಗೂ ಗೊತ್ತಿರುವವೇ. ಕಕ್ಕಡದ ಮಳೆಯಲ್ಲಿ ಹೊರಗೆ ಹೊರಡುವುದು ಕಷ್ಟ. ಆಮೇಲೆ ಪುತ್ತರಿ ಕಳೆಯಲಿ, ಕಾಫಿ ಕುಯ್ಲು ಮುಗಿಯಲಿ, ಮಕ್ಕಳ ಪರೀಕ್ಷೆ ಆಗಲಿ ಎಂದು ಮುಂದೂಡುತ್ತಾ ಹೋದರೆ ಆರೇಳು ತಿಂಗಳು ಕಳೆದುಹೋಗುತ್ತವೆ. ಲೈನ್ ಮನೆಯಲ್ಲಿರುವ ಕೂಲಿ ಹೆಂಗಸಿಗೆ, ಹಾಡಿಯಲ್ಲಿರುವ ಯರವ, ಕುರುಬ ಹೆಂಗಸರಿಗೆ ಒಂದು ದಿನದ ಆಸ್ಪತ್ರೆ ಎಂದರೆ ಒಂದು ದಿನದ ಕೂಲಿಯೂ ಬಸ್ಸಿನ ದುಡ್ಡೂ ಹೋದಂತೆ. ಗಂಟು ನೋಯದೆ ಇದ್ದರೆ ಯಾರೂ ಅದಕ್ಕೆ ದಿನ ಬಿಡುವುದಿಲ್ಲ. ಕ್ಯಾನ್ಸರ್ ಗಂಟು ಮೊದಮೊದಲು ನೋಯದಿರುವುದೇ ಹೆಚ್ಚು ಎಂಬುದನ್ನು ಆರೋಗ್ಯ ಶಿಬಿರಗಳಲ್ಲಿ ಮೊದಲು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ, ಹೆಂಗಸು ವೈದ್ಯರ ಬಳಿ ಬಂದ 60 ದಿನದೊಳಗೆ ರೋಗ ಏನೆಂದು ಖಚಿತವಾಗಬೇಕೆಂಬ ಗುರಿಯಿದೆ. ಅದು ಆಸ್ಪತ್ರೆ ಪಾಲಿಸಬೇಕಾದ ಗಡುವು. ಮನೆಯಲ್ಲಿ ಕಳೆದುಹೋಗುವ ತಿಂಗಳುಗಳು ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನು ನೋಡಿಕೊಳ್ಳುವ ಬಗೆ. ಮುಟ್ಟು ಆಗುತ್ತಿರುವವರು ಮುಟ್ಟು ನಿಂತ ಕೆಲವು ದಿನಗಳ ನಂತರ ನೋಡಿಕೊಂಡರೆ ಒಳ್ಳೆಯದು, ಆಗ ಸ್ತನದಲ್ಲಿ ಬಿಗುವು, ನೋವು ಕಡಿಮೆ. ಮುಟ್ಟು ಪೂರ್ತಿ ನಿಂತವರು ಯಾವ ದಿನವಾದರೂ ಸರಿ. ಮೊದಲು ಕನ್ನಡಿಯ ಮುಂದೆ ಬೆಳಕಿನಲ್ಲಿ ನಿಂತು, ಕೈ ಇಳಿಬಿಟ್ಟು, ಆಮೇಲೆ ಮೇಲೆತ್ತಿ, ಕೊನೆಗೆ ಸೊಂಟಕ್ಕೆ ಕೈಯೂರಿ ಒತ್ತಿ ನೋಡಿ. ಚರ್ಮ ಒಂದೆಡೆ ಒಳಕ್ಕೆ ಸೆಳೆದಂತಿದೆಯೇ, ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗಿ ಕುಳಿ ಬಿದ್ದಿದೆಯೇ, ಮೊದಲು ನೆಟ್ಟಗಿದ್ದ ತೊಟ್ಟು ಈಗ ಒಳಕ್ಕೆ ಹೋಗಿದೆಯೇ, ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿಯಂಥದ್ದು ಇದೆಯೇ? ಆಮೇಲೆ ಮಲಗಿ, ಬಲ ಸ್ತನ ನೋಡುವಾಗ ಬಲಗೈಯನ್ನು ತಲೆಯ ಕೆಳಗಿಟ್ಟು, ಎಡಗೈಯ ನಡುವಿನ ಮೂರು ಬೆರಳುಗಳ ಮೆದುಭಾಗದಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ ಒತ್ತಿ. ಒಂದೇ ಜಾಗದಲ್ಲಿ ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಬಲವಾಗಿ, ಮತ್ತೆ ಪಕ್ಕೆಲುಬು ತಾಗುವಷ್ಟು ಒತ್ತಬೇಕು. ಕಂಕುಳಿನಿಂದ ಎದೆಯ ನಡುಮೂಳೆಯವರೆಗೆ, ಕೊರಳಿನ ಕೆಳಗಿನ ಮೂಳೆಯಿಂದ ಸ್ತನದ ಕೆಳಗಿನ ಮಡಿಕೆಯವರೆಗೆ, ಮೇಲಿಂದ ಕೆಳಕ್ಕೆ ಸಾಲು ಬಿಡದಂತೆ ಹೋಗಿ. ಎಡಕ್ಕೂ ಹಾಗೆಯೇ. ಕಂಕುಳಿನ ಕಡೆಯ ಮೇಲ್ಭಾಗಕ್ಕೆ ಹೆಚ್ಚು ಸಮಯ ಕೊಡಿ, ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳು ಅಲ್ಲೇ ಶುರುವಾಗುತ್ತವೆ. ತೊಟ್ಟನ್ನು ಹಿಂಡಬೇಡಿ. ಹಿಂಡದೆ ತಾನಾಗಿ ಒಂದೇ ಕಡೆಯಿಂದ ರಕ್ತವೋ ನೀರಿನಂಥದ್ದೋ ಬಂದರೆ ಅದು ತೋರಿಸಬೇಕಾದ ಲಕ್ಷಣ. ತಾರೀಖು ತಪ್ಪಿತೆಂದು ಬೇಸರ ಬೇಡ. ತನ್ನ ತೋಟದಲ್ಲಿ ದಿನಾ ಓಡಾಡುವವರಿಗೆ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಸಾಲಿನ ನಡುವೆ ಕಣ್ಣಿಗೆ ಬೀಳುವಂತೆ, ನಿಮ್ಮ ಮೈಯ ಎಂದಿನ ರೀತಿ ನಿಮಗೆ ಗೊತ್ತಿದ್ದರೆ ಹೊಸದು ತಾನೇ ಗೊತ್ತಾಗುತ್ತದೆ.

ಭಯ ಹೆಚ್ಚುತ್ತದೆ ಎಂಬ ಆಕ್ಷೇಪಣೆಯಲ್ಲೂ ಹುರುಳಿದೆ. ಸ್ತನ ಸಹಜವಾಗಿಯೇ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಎಳೆಯ ವಯಸ್ಸಿನಲ್ಲಂತೂ ಬಹುಪಾಲು ಅಪಾಯವಿಲ್ಲದವೇ. ಎರಡೂ ಕಡೆ ಮುಟ್ಟಿಗೆ ಮುಂಚೆ ಬಂದು ಹೋಗುವ ನೋವು ಸಾಮಾನ್ಯವಾಗಿ ಕ್ಯಾನ್ಸರಿನದಲ್ಲ. ಆದರೆ ಭಯಕ್ಕೆ ಮದ್ದು ಮುಟ್ಟದೇ ಇರುವುದಲ್ಲ, ಬೇಗ ಉತ್ತರ ಸಿಗುವ ವ್ಯವಸ್ಥೆ. ಮನೆತನದಲ್ಲಿ ಯಾರಿಗೂ ಇಲ್ಲ ಎಂಬ ಧೈರ್ಯ ಮಾತ್ರ ಬೇಡ. ಹುಟ್ಟಿನಿಂದ ಬಂದ ವಂಶವಾಹಿ ದೋಷದಿಂದಾಗುವ ಸ್ತನ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು, ಅಷ್ಟೇ. ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆಂಬ ಮಾತನ್ನೂ ನಂಬಬೇಡಿ. ಆ ಮಾತು ಕೇಳಿ ನಾಟಿ ಮದ್ದಿನಲ್ಲಿ ತಿಂಗಳು ಕಳೆದರೆ, ಸ್ತನ ಉಳಿಸಿಕೊಂಡೇ ಮಾಡಬಹುದಾಗಿದ್ದ ಆಪರೇಷನ್ನಿನ ಅವಕಾಶ ಕೈತಪ್ಪಬಹುದು.

30 ದಾಟಿದ ಹೆಂಗಸರ ಸ್ತನ ಪರೀಕ್ಷೆ ಸರ್ಕಾರದ ಅಸಾಂಕ್ರಾಮಿಕ ರೋಗ ತಪಾಸಣೆಯಲ್ಲಿ ಸೇರಿದೆ. ಐದು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಬೇಕೆಂಬುದು ಕ್ರಮ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಈ ವರ್ಷವೇ ಮಾಡಿಸಿಕೊಳ್ಳಿ. ಸಂಘದವರೆಲ್ಲ ಒಟ್ಟಿಗೆ ಹೋದರೆ ಸಂಕೋಚವೂ ಕಡಿಮೆ. ಏನಾದರೂ ಸಿಕ್ಕರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಚೀಟಿ ಬರೆಸಿಕೊಂಡು ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ವೈದ್ಯರ ಪರೀಕ್ಷೆ, ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಫಿ, ಬೇಕಿದ್ದರೆ ಬಯಾಪ್ಸಿ, ಈ ಮೂರೂ ಸೇರಿದಾಗಲೇ ಉತ್ತರ ಪೂರ್ತಿಯಾಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾಗಿ ಬಂದರೆ ಆ ಚೀಟಿಯನ್ನೂ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ. ಮುಟ್ಟು ಆಗುತ್ತಿರುವವರಿಗೆ ಸಣ್ಣ ಗಂಟೊಂದು ಅನುಮಾನವಾಗಿ ಸಿಕ್ಕಿದರೆ ಮುಂದಿನ ಮುಟ್ಟು ಕಳೆಯುವವರೆಗೆ ಕಾಯಬಹುದು, ಆಗಲೂ ಅದು ಇದ್ದರೆ ಅದೇ ವಾರ ತೋರಿಸಿ. ರಕ್ತ ಬಂದರೆ, ಚರ್ಮ ಅಥವಾ ತೊಟ್ಟು ಬದಲಾದರೆ, ಕಂಕುಳಲ್ಲಿ ಗಟ್ಟಿ ಗಂಟು ಸಿಕ್ಕರೆ ಅಷ್ಟೂ ಕಾಯಬೇಡಿ. ಮುಟ್ಟು ನಿಂತುಹೋದವರಿಗೆ ಹೊಸ ಗಂಟು ಯಾವುದೇ ಆಗಲಿ, ಕಾಯುವ ಅವಧಿಯೇ ಇಲ್ಲ.